ಆಟಗಾರ ಆಂಚೆಲೊಟ್ಟಿ ತರಬೇತುದಾರ ಆಂಚೆಲೊಟ್ಟಿ ಆದದ್ದು ಯಾವಾಗ?

ಪ್ರಶ್ನೆ | ನಡುಗೆರೆ

ಇಟಲಿಯ ಫುಟ್‌ಬಾಲ್ ತರಬೇತುದಾರ ಕಾರ್ಲೊ ಆಂಚೆಲೊಟ್ಟಿ ಅವರ ಕುರಿತು ಬರೆಯುವವರು ಸಾಮಾನ್ಯವಾಗಿ ಅವರು ಗೆದ್ದ ಪ್ರಶಸ್ತಿಗಳ ಪಟ್ಟಿಯಿಂದಲೇ ಆರಂಭಿಸುತ್ತಾರೆ. ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗನ್ನು ತರಬೇತುದಾರರಾಗಿ 5 ಬಾರಿ ಗೆದ್ದವರು ಅವರೊಬ್ಬರೇ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ ಮತ್ತು ಸ್ಪೇನ್ ಈ ಐದೂ ದೇಶಗಳ ಲೀಗ್ ಪ್ರಶಸ್ತಿಯನ್ನು ಮೊದಲು ಗೆದ್ದವರೂ ಅವರೇ. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ನನ್ನ ಕುತೂಹಲ ಇವುಗಳಿಗಿಂತ ಹಿಂದಿನ ಘಟ್ಟದ ಬಗ್ಗೆ. 1992ರಲ್ಲಿ ಮಿಲಾನ್ ತಂಡದಲ್ಲಿ ಆಟ ನಿಲ್ಲಿಸಿದ, ಮೊಣಕಾಲಿನ ಗಾಯಗಳಿಂದ ಬಳಲಿದ್ದ ಮಿಡ್‌ಫೀಲ್ಡರ್ ಒಬ್ಬರು ಇಂದು ನಾವು ನೋಡುತ್ತಿರುವ ತರಬೇತುದಾರರಾಗಿ ಬದಲಾದದ್ದು ಎಲ್ಲಿ, ಹೇಗೆ ಎಂಬುದು ನನ್ನ ಪ್ರಶ್ನೆ.

ಇದನ್ನು ಕೇಳಲು ಕಾರಣವಿದೆ. ಒಳ್ಳೆಯ ಆಟಗಾರ ಒಳ್ಳೆಯ ತರಬೇತುದಾರನೂ ಆಗುತ್ತಾನೆ ಎಂಬ ನಂಬಿಕೆ ಎಷ್ಟು ಸಲ ಸುಳ್ಳಾಗಿದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 1966ರ ವಿಶ್ವಕಪ್ ಗೆದ್ದ ಬಾಬಿ ಚಾರ್ಲ್ಟನ್ ಅವರ ಮೇಲ್ವಿಚಾರಣೆಯಲ್ಲಿ ಪ್ರೆಸ್ಟನ್ ತಂಡ 1974ರಲ್ಲಿ ಕೆಳಗಿನ ವಿಭಾಗಕ್ಕೆ ಜಾರಿತು. 2010ರ ವಿಶ್ವಕಪ್‌ನಲ್ಲಿ ಮರಡೋನಾ ಅವರ ಅರ್ಜೆಂಟೀನಾ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ಎದುರು 0-4ರಿಂದ ಸೋತಿತು. ಥಿಯರಿ ಆನ್ರಿ ಅವರನ್ನು ಮೊನಾಕೊ ಕ್ಲಬ್ 2018ರ ಅಕ್ಟೋಬರ್‌ನಲ್ಲಿ ನೇಮಿಸಿಕೊಂಡು ಮರುವರ್ಷದ ಜನವರಿಯಲ್ಲೇ ಕೈಬಿಟ್ಟಿತು. ಇನ್ನೊಂದು ಕಡೆ, ವೃತ್ತಿಪರ ಆಟಗಾರರೇ ಆಗಿರದ ಅರಿಗೊ ಸಾಕಿ ಅವರಂಥವರು ಆಟದ ಸ್ವರೂಪವನ್ನೇ ಬದಲಿಸಿದರು. ಹಾಗಿರುವಾಗ, ಆಡಿದ ಅನುಭವವು ತರಬೇತುದಾರನಿಗೆ ನಿಜವಾಗಿ ಏನು ಕೊಡುತ್ತದೆ?

ಆಂಚೆಲೊಟ್ಟಿ ಅವರ ವಿಷಯದಲ್ಲಿ ಇದಕ್ಕೆ ಸಲೀಸಾದ ಉತ್ತರವೊಂದು ಚಾಲ್ತಿಯಲ್ಲಿದೆ. ರೋಮಾದಲ್ಲಿ ನಿಲ್ಸ್ ಲೀಡ್‌ಹೋಮ್, ಮಿಲಾನ್‌ನಲ್ಲಿ ಸಾಕಿ, ಹೀಗೆ ಇಬ್ಬರು ಅಸಾಮಾನ್ಯ ಗುರುಗಳ ಕೈಕೆಳಗೆ ಆಡಿದ್ದರಿಂದ ಅವರು ಯಶಸ್ವಿಯಾದರು ಎಂಬುದು ಆ ಉತ್ತರ. ಆದರೆ ಅದೇ ಡ್ರೆಸ್ಸಿಂಗ್ ರೂಮಿನಲ್ಲಿ, ಅದೇ ಗುರುಗಳ ಮಾತು ಕೇಳಿದ ಇನ್ನೂ ಹಲವರು ತರಬೇತಿಗೆ ಇಳಿದರು; ಅವರಲ್ಲಿ ಹೆಚ್ಚಿನವರು ಇಷ್ಟು ದೂರ ಬರಲಿಲ್ಲ. ಆಟಗಾರನಾಗಿ ಕಲಿತದ್ದರಲ್ಲಿ ಅವರು ಉಳಿಸಿಕೊಂಡದ್ದು ಯಾವುದು, ಬಿಟ್ಟುಕೊಟ್ಟದ್ದು ಯಾವುದು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 | ಹಳೆಯ ಸ್ಯಾನ್ ಸಿರೊ

ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲೇ ಉತ್ತರದ ದಾರಿ ಇದೆ ಎಂದು ನನಗೆ ಅನಿಸುತ್ತದೆ. ಆಂಚೆಲೊಟ್ಟಿ ಅವರು ತರಬೇತುದಾರರಾದದ್ದು ಕಲಿತದ್ದನ್ನು ಪ್ರಯೋಗಿಸಿದ ದಿನವಲ್ಲ, ಅದನ್ನು ಬಿಟ್ಟುಕೊಡಲು ಸಿದ್ಧರಾದ ದಿನ. ಆ ದಿನ ಬರಲು ಕೆಲವು ವರ್ಷಗಳೇ ಹಿಡಿದವು, ಮತ್ತು ಆ ವರ್ಷಗಳಲ್ಲಿ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

ಮೊದಲು ಆಟಗಾರನ ವಿಷಯ. ಎಮಿಲಿಯಾ ಪ್ರಾಂತ್ಯದ ರೆಜ್ಜೊಲೊ ಎಂಬ ಊರಿನ ರೈತ ಕುಟುಂಬದಿಂದ ಬಂದ ಅವರು ಪಾರ್ಮಾದಲ್ಲಿ ಆಡಿ, 1979ರಲ್ಲಿ ರೋಮಾ ಸೇರಿದರು. ಆರಂಭದಲ್ಲಿ ಅವರು ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಬಲ್ಲ ಆಟಗಾರರಾಗಿದ್ದರು. 1981ರಲ್ಲಿ ಒಂದು ಮೊಣಕಾಲು, 1983ರಲ್ಲಿ ಇನ್ನೊಂದು ಮೊಣಕಾಲು ಗಾಯಗೊಂಡವು. ಮೊದಲ ಗಾಯದಿಂದ 1982ರ ವಿಶ್ವಕಪ್ ತಪ್ಪಿತು, ಎರಡನೆಯದರಿಂದ 1984ರಲ್ಲಿ ರೋಮ್ ನಗರದಲ್ಲೇ ನಡೆದ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಿಂದಿನ ಹೆಸರು) ಫೈನಲ್ ತಪ್ಪಿತು. ಇಟಲಿ ಆ ವಿಶ್ವಕಪ್ ಗೆದ್ದಿತು, ರೋಮಾ ಆ ಫೈನಲ್ ಸೋತಿತು. ಎರಡನ್ನೂ ಅವರು ಹೊರಗಿನಿಂದಲೇ ನೋಡಬೇಕಾಯಿತು. ವೇಗ ತಗ್ಗಿದ ಮೇಲೆ ಅವರಿಗೆ ಉಳಿದದ್ದು ಚೆಂಡು ಮುಂದೆ ಎಲ್ಲಿಗೆ ಬರುತ್ತದೆ ಎಂಬ ಅಂದಾಜು. ಅಂಥ ಅಂದಾಜಿನ ಮೇಲೆ ಬದುಕುವ ಮಿಡ್‌ಫೀಲ್ಡರ್ ತನ್ನ ಅಕ್ಕಪಕ್ಕದವರು ನಿಂತಿರುವ ಜಾಗವನ್ನು ಎಲ್ಲರಿಗಿಂತ ಹೆಚ್ಚಾಗಿ ಗಮನಿಸಲೇಬೇಕಾಗುತ್ತದೆ.

1987ರಲ್ಲಿ ಮಿಲಾನ್ ಅವರನ್ನು ಕೊಂಡಾಗ ಆ ಮೊಣಕಾಲುಗಳ ಬಗ್ಗೆ ಕ್ಲಬ್ಬಿಗೆ ಅನುಮಾನವಿತ್ತು. ಪಟ್ಟು ಹಿಡಿದು ತರಿಸಿಕೊಂಡವರು ಸಾಕಿ. ನಾಲ್ವರು ರಕ್ಷಕರು, ನಾಲ್ವರು ಮಿಡ್‌ಫೀಲ್ಡರ್‌ಗಳು, ಇಬ್ಬರು ಫಾರ್ವರ್ಡ್‌ಗಳು; ಸಾಲುಗಳ ನಡುವೆ ಅಂತರ ಬಿಡದೆ ಇಡೀ ತಂಡ ಒಟ್ಟಿಗೆ ಮುಂದೆ ಸರಿದು, ಒಟ್ಟಿಗೆ ಹಿಂದೆ ಬರುವ 4-4-2 ಅದು. 1989ರ ಏಪ್ರಿಲ್‌ನಲ್ಲಿ ಮಿಲಾನ್‌ನ ತವರು ಮೈದಾನ ಸ್ಯಾನ್ ಸಿರೊದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 5-0ರಿಂದ ಸೋಲಿಸಿದ ಸೆಮಿಫೈನಲ್‌ನಲ್ಲಿ ಮೊದಲ ಗೋಲು ದೂರದಿಂದ ಆಂಚೆಲೊಟ್ಟಿ ಹೊಡೆದದ್ದು. ಗುಲಿಟ್, ರೈಕಾರ್ಡ್, ವಾನ್ ಬಾಸ್ಟನ್ ಅವರ ಹೆಸರುಗಳ ಮರೆಯಲ್ಲಿ ಆ ಗೋಲನ್ನು ಹಲವರು ಮರೆತಿದ್ದಾರೆ. ಆ ವರ್ಷವೂ ಮರುವರ್ಷವೂ ಮಿಲಾನ್ ಯುರೋಪಿಯನ್ ಕಪ್ ಗೆದ್ದಿತು. ಇಂಥ ಗೆಲುವನ್ನು ಒಳಗಿನಿಂದ ಕಂಡವರಿಗೆ ಆ ವ್ಯವಸ್ಥೆಯೇ ಪರಮಸತ್ಯ ಎನಿಸಿದರೆ ಆಶ್ಚರ್ಯವಿಲ್ಲ.

ಆಟ ನಿಲ್ಲಿಸಿದ ಮೇಲೆ ಅವರು ನೇರವಾಗಿ ಮುಖ್ಯ ತರಬೇತುದಾರರಾಗಲಿಲ್ಲ. ಇಟಲಿಯ ರಾಷ್ಟ್ರೀಯ ತಂಡದಲ್ಲಿ ಸಾಕಿ ಅವರ ಸಹಾಯಕರಾಗಿ ದುಡಿದರು. 1994ರಲ್ಲಿ ಬ್ರೆಜಿಲ್ ಎದುರು ಪೆನಾಲ್ಟಿಗಳಲ್ಲಿ ಸೋತ ವಿಶ್ವಕಪ್ ಫೈನಲ್‌ನಲ್ಲಿ ಬೆಂಚಿನ ಮೇಲಿದ್ದರು. 1995ರಲ್ಲಿ, ಆಗ ತಾನೇ ಕೆಳಗಿನ ವಿಭಾಗಕ್ಕೆ ಇಳಿದಿದ್ದ ರೆಜ್ಜಾನಾ ಅವರ ಮೊದಲ ತಂಡವಾಯಿತು. ಆರಂಭ ಕೆಟ್ಟದಾಗಿದ್ದರೂ ಒಂದೇ ಋತುವಿನಲ್ಲಿ ತಂಡ ಮತ್ತೆ ಇಟಲಿಯ ಅಗ್ರ ವಿಭಾಗವಾದ ಸೆರಿ ಎ ಸೇರಿತು. 1996ರಲ್ಲಿ ಪಾರ್ಮಾಗೆ ಬಂದಾಗ ಅವರ ಕೈಯಲ್ಲಿ ಹದಿಹರೆಯದ ಬುಫನ್, ಕನ್ನವಾರೊ, ತುರಾಮ್, ಕ್ರೆಸ್ಪೊ ಇದ್ದರು. ಮೊದಲ ವರ್ಷವೇ ಯುವೆಂಟಸ್‌ಗಿಂತ ಎರಡು ಅಂಕ ಹಿಂದೆ, ಎರಡನೇ ಸ್ಥಾನ.

ಮೇಲ್ನೋಟಕ್ಕೆ ಇದು ಯಶಸ್ಸೇ. ಆದರೆ ಇಲ್ಲಿಯೇ ಶಿಷ್ಯತ್ವದ ಮಿತಿಯೂ ಕಾಣಿಸಿತು. 4-4-2ರಲ್ಲಿ ಇಬ್ಬರು ಫಾರ್ವರ್ಡ್‌ಗಳ ಹಿಂದೆ ಸ್ವತಂತ್ರವಾಗಿ ಅಲೆಯುವ ಆಟಗಾರನಿಗೆ ಜಾಗವಿಲ್ಲ. ಆ ಜಾಗದ ಆಟಗಾರರಾದ ಜಾನ್‌ಫ್ರಾಂಕೊ ಜೋಲಾ ಅವರನ್ನು ಪಕ್ಕಕ್ಕೆ ತಳ್ಳಿ ಆಡಿಸಿದ್ದರಿಂದ ಅವರು 1996ರ ನವೆಂಬರ್‌ನಲ್ಲಿ ಚೆಲ್ಸಿಗೆ ಹೊರಟುಹೋದರು. ಮರುವರ್ಷ ಅದೇ ಜಾಗದ ಆಟಗಾರ ರಾಬರ್ಟೊ ಬಾಜಿಯೊ ಪಾರ್ಮಾಗೆ ಬರುವ ಮಾತುಕತೆ ನಡೆದಾಗ, ತಮ್ಮ ವ್ಯವಸ್ಥೆಗೆ ಅವರು ಹೊಂದುವುದಿಲ್ಲವೆಂದು ಆಂಚೆಲೊಟ್ಟಿ ಬೇಡವೆಂದರು. ಬಾಜಿಯೊ ಬೊಲೊನ್ಯಾ ಸೇರಿ ಆ ಋತುವಿನ ಲೀಗ್‌ನಲ್ಲಿ 22 ಗೋಲು ಹೊಡೆದರು. ಆ ನಿರ್ಧಾರ ತಪ್ಪಾಗಿತ್ತೆಂದು ಆಂಚೆಲೊಟ್ಟಿ ಅವರು ಮುಂದೆ ಬಹಿರಂಗವಾಗಿಯೇ ಹೇಳಿದ್ದಾರೆ. ಅಂದು ಬಾಜಿಯೊ ಅವರನ್ನು ಬೇಡವೆಂದವರು ಪಾರ್ಮಾದ ತರಬೇತುದಾರರಲ್ಲ, ಸಾಕಿ ಅವರ ಮಿಡ್‌ಫೀಲ್ಡರ್ ಎಂದೇ ನಾನು ಭಾವಿಸುತ್ತೇನೆ. ತಾನು ಗೆದ್ದ ರೀತಿಯನ್ನೇ ಎಲ್ಲರ ಮೇಲೂ ಹೇರುವುದು ಆಟ ಬಿಟ್ಟುಬಂದ ತರಬೇತುದಾರರಿಗೆಲ್ಲ ಬರುವ ಮೊದಲ ಕಾಯಿಲೆ.

1999ರ ಫೆಬ್ರುವರಿಯಲ್ಲಿ ಯುವೆಂಟಸ್‌ಗೆ ಹೋದಾಗ ಪರಿಸ್ಥಿತಿ ಬೇರೆಯಾಯಿತು, ಏಕೆಂದರೆ ಅಲ್ಲಿ ಅದೇ ಬಗೆಯ ಆಟಗಾರರಾದ ಜಿದಾನ್ ಇದ್ದರು. ಜಿದಾನ್ ಅವರನ್ನು ಎಡಪಕ್ಕಕ್ಕೆ ಕಟ್ಟಿಹಾಕಿ ಆಡಿಸುವುದು ಯಾರಿಗಾದರೂ ಅಸಂಬದ್ಧ ಎನಿಸಬೇಕು. ಆಂಚೆಲೊಟ್ಟಿ ಅವರು 4-4-2 ಬಿಟ್ಟು, ಹಿಂದೆ ಮೂವರು ರಕ್ಷಕರು, ಮುಂದೆ ಡೆಲ್ ಪಿಯೆರೊ ಮತ್ತು ಇಂಜಾಗಿ, ಅವರಿಬ್ಬರ ಬೆನ್ನಿಗೆ ಜಿದಾನ್ ನಿಲ್ಲುವ ವ್ಯವಸ್ಥೆಗೆ ಬಂದರು. ನಾನು ಗುರುತು ಹಾಕುವ ತಿರುವು ಇದೇ. ಪ್ರಶಸ್ತಿ ಮಾತ್ರ ಬರಲಿಲ್ಲ. 2000ದ ಮೇ ತಿಂಗಳಲ್ಲಿ, ಋತುವಿನ ಕೊನೆಯ ದಿನ, ಪೆರುಜಾದಲ್ಲಿ ಮಳೆ ಸುರಿದು ಮೈದಾನದಲ್ಲಿ ನೀರು ನಿಂತು, ವಿರಾಮದ ನಂತರ ಪಂದ್ಯ ಒಂದು ಗಂಟೆಗೂ ಹೆಚ್ಚು ಕಾಲ ಸ್ಥಗಿತವಾಯಿತು. ರೆಫರಿ ಕೊಲಿನಾ ಚೆಂಡನ್ನು ಪುಟಿಸಿ ಪುಟಿಸಿ ನೋಡಿ, ಕೊನೆಗೆ ಆಟ ಮುಂದುವರಿಸಿದರು. ಯುವೆಂಟಸ್ 0-1ರಿಂದ ಸೋತಿತು, ಲಾಜಿಯೊ ಒಂದು ಅಂಕದ ಅಂತರದಲ್ಲಿ ಚಾಂಪಿಯನ್ ಆಯಿತು. ಮರುವರ್ಷ ಮತ್ತೆ ಎರಡನೇ ಸ್ಥಾನ, ಆಮೇಲೆ ಕೆಲಸದಿಂದ ಬಿಡುಗಡೆ. ಮಿಲಾನ್‌ನ ಹಳೆಯ ಆಟಗಾರನೆಂಬ ಕಾರಣಕ್ಕೆ ಯುವೆಂಟಸ್‌ನ ಊರಾದ ಟ್ಯೂರಿನ್‌ನ ಅಭಿಮಾನಿಗಳ ಒಂದು ವರ್ಗ ಅವರನ್ನು ಮೊದಲ ದಿನದಿಂದಲೇ ಒಪ್ಪಿಕೊಂಡಿರಲಿಲ್ಲ. ಎರಡನೇ ಸ್ಥಾನದ ತರಬೇತುದಾರ ಎಂಬ ಹಣೆಪಟ್ಟಿಯೂ ಅಂಟಿಕೊಂಡಿತು. ಆದರೂ ಅವರು ಟ್ಯೂರಿನ್ ಬಿಟ್ಟು ಹೊರಟಾಗ ಬಂದಾಗಿದ್ದ ವ್ಯಕ್ತಿಯಾಗಿರಲಿಲ್ಲ.

ಉತ್ತರ 2 | ಹತ್ತನೇ ನಂಬರ್

ಮೇಲಿನ ಉತ್ತರವನ್ನು ಗಮನವಿಟ್ಟು ಓದಿದೆ. ಪಾರ್ಮಾ ಮತ್ತು ಯುವೆಂಟಸ್ ಕುರಿತ ವಿವರಣೆಯನ್ನು ಒಪ್ಪುತ್ತೇನೆ, ಆದರೆ ತಿರುವನ್ನು ಅಲ್ಲಿಯೇ ಗುರುತಿಸುವುದನ್ನು ಒಪ್ಪಲಾರೆ. ಜಿದಾನ್ ಅವರಂಥ ಆಟಗಾರ ಎದುರಿಗಿದ್ದಾಗ ವ್ಯವಸ್ಥೆ ಬದಲಿಸುವುದು ಅನಿವಾರ್ಯತೆ. ಅನಿವಾರ್ಯತೆ ಇಲ್ಲದಿರುವಾಗಲೂ ಆಟಗಾರನ ಮಾತಿಗೆ ಕಿವಿಗೊಡುವುದು ಬೇರೆಯೇ ಗುಣ, ಅದು ಮಿಲಾನ್‌ನಲ್ಲಿ ಕಾಣಿಸಿಕೊಂಡಿತು.

2001ರ ನವೆಂಬರ್‌ನಲ್ಲಿ ಫಾತಿಹ್ ತೆರಿಮ್ ಅವರ ಜಾಗಕ್ಕೆ ಆಂಚೆಲೊಟ್ಟಿ ಬಂದಾಗ ಆಂಡ್ರೆಯಾ ಪಿರ್ಲೊ ಮಿಲಾನ್‌ನಲ್ಲಿದ್ದರು, ಆದರೆ ಅವರಿಗೆ ಖಚಿತವಾದ ಸ್ಥಾನವಿರಲಿಲ್ಲ. ಫಾರ್ವರ್ಡ್‌ಗಳ ಹಿಂದಿನ ಜಾಗಕ್ಕೆ ರುಯಿ ಕೋಸ್ಟಾ ಆಗಲೇ ಇದ್ದರು, 2002ರಲ್ಲಿ ರಿವಾಲ್ಡೊ, ಸೀಡಾರ್ಫ್ ಕೂಡ ಬಂದು ಸೇರಿದರು. 2001ರಲ್ಲಿ ಬ್ರೆಷಾ ತಂಡಕ್ಕೆ ಎರವಲಾಗಿ ಹೋಗಿದ್ದಾಗ ಕಾರ್ಲೊ ಮಾಜೊನೆ ಅವರು ಪಿರ್ಲೊ ಅವರನ್ನು ರಕ್ಷಣೆಯ ಮುಂದೆ ನಿಲ್ಲಿಸಿ ಆಡಿಸಿದ್ದರು. ಏಕೆಂದರೆ ಬ್ರೆಷಾದಲ್ಲಿ ಮುಂದಿನ ಜಾಗ ಬಾಜಿಯೊ ಅವರದಾಗಿತ್ತು. ತಾನು ಅಲ್ಲಿ ಆಡಬಲ್ಲೆ ಎಂದು ಪಿರ್ಲೊ ಅವರೇ ಮುಂದೆ ಬಂದಾಗ ಆಂಚೆಲೊಟ್ಟಿ ಒಪ್ಪಿದರು. ರಕ್ಷಣೆಯ ಮುಂದಿನ ಆ ಸ್ಥಾನ ಹಿಂದೆ ಆಂಚೆಲೊಟ್ಟಿ ಅವರೇ ಆಡಿದ ಸ್ಥಾನ. ಅಲ್ಲಿ ಎದುರಾಳಿಯ ಚೆಂಡು ಕಸಿಯುವ ಗಟ್ಟಿ ಆಟಗಾರನಿರಬೇಕು ಎಂಬುದು ಅಂದಿನ ಇಟಲಿಯ ಸಾಮಾನ್ಯ ತಿಳಿವಳಿಕೆ. ತಮ್ಮ ಸ್ಥಾನಕ್ಕೆ ತಮಗಿಂತ ಸಂಪೂರ್ಣ ಭಿನ್ನನಾದ, ಟ್ಯಾಕಲ್‌ಗಿಂತ ಪಾಸ್‌ನಲ್ಲಿ ಬಲ್ಲಿದನಾದ ಒಬ್ಬರನ್ನು ಅವರು ತಂದರು. ಚೆಂಡು ಕಸಿಯುವ ಕೆಲಸವನ್ನು ಪಕ್ಕದ ಗಟ್ಟೂಸೊ ಅವರಿಗೆ ಒಪ್ಪಿಸಿದರು. ಈ ಜೋಡಿಯ ಮೇಲೆ ನಿಂತ ತಂಡ 2003ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಯುವೆಂಟಸ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು, 2004ರಲ್ಲಿ ಲೀಗ್ ಪ್ರಶಸ್ತಿಯನ್ನೂ ಪಡೆಯಿತು. ಆಟಗಾರನಾಗಿದ್ದ ತನ್ನನ್ನು ಅಳತೆಗೋಲಾಗಿ ಬಳಸುವುದನ್ನು ಆಂಚೆಲೊಟ್ಟಿ ಬಿಟ್ಟದ್ದು ಇಲ್ಲಿ.

ಆಡಿದ ಅನುಭವ ಏನು ಕೊಡುತ್ತದೆ ಎಂದು ಕೇಳಿದ್ದೀರಿ. ತಂತ್ರದ ಜ್ಞಾನವನ್ನು ಆಡದವರೂ ಗಳಿಸಬಹುದು. ಫ್ಲೋರೆನ್ಸ್ ಬಳಿಯ ಕೊವರ್ಚಾನೊದಲ್ಲಿ ಇಟಲಿಯ ತರಬೇತುದಾರರೆಲ್ಲ ಓದಿ, ಪ್ರಬಂಧ ಬರೆದು ಪರವಾನಗಿ ಪಡೆಯುತ್ತಾರೆ. ಆಂಚೆಲೊಟ್ಟಿಯವರೂ ಅಲ್ಲಿಯೇ ಓದಿದವರು. ಕುದುರೆ ಸವಾರನಾಗಲು ಮೊದಲು ಕುದುರೆಯಾಗಿರಬೇಕಿಲ್ಲ ಎಂದು ಸಾಕಿ ಅವರು ತಮ್ಮನ್ನು ಪ್ರಶ್ನಿಸಿದವರಿಗೆ ಉತ್ತರಿಸಿದ್ದು ಪ್ರಸಿದ್ಧವೇ ಆಗಿದೆ. ಆದರೆ ಆಡಿದವನಿಗೆ ಇನ್ನೊಂದು ತಿಳಿವಳಿಕೆ ಇರುತ್ತದೆ. ತಂಡದ ಪಟ್ಟಿಯಲ್ಲಿ ತನ್ನ ಹೆಸರಿಲ್ಲದ ದಿನ ಆಟಗಾರನ ಒಳಗೆ ಏನಾಗುತ್ತದೆ, ಗಾಯಗೊಂಡವನು ಜೊತೆಗಾರರ ಗೆಲುವನ್ನು ಹೇಗೆ ನೋಡುತ್ತಾನೆ, ತರಬೇತುದಾರನ ಯಾವ ಮಾತು ಕಿವಿಗೆ ಬೀಳುತ್ತದೆ, ಯಾವುದು ಗೋಡೆಗೆ ತಾಗಿ ವಾಪಸಾಗುತ್ತದೆ ಎಂಬ ತಿಳಿವಳಿಕೆ ಅದು. ಎರಡು ಮೊಣಕಾಲುಗಳನ್ನು ಕಳೆದುಕೊಂಡು ಎರಡು ದೊಡ್ಡ ಫೈನಲ್‌ಗಳನ್ನು ಹೊರಗಿನಿಂದ ಕಂಡವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇದಕ್ಕೊಂದು ನಿದರ್ಶನ 2022ರ ಮೇ ತಿಂಗಳಲ್ಲಿ ರಿಯಲ್ ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಮ್ಯಾಂಚೆಸ್ಟರ್ ಸಿಟಿ ಎದುರಿನ ಮೊದಲ ಪಂದ್ಯವನ್ನು 3-4ರಿಂದ ಸೋತಿದ್ದ ರಿಯಲ್ ಮ್ಯಾಡ್ರಿಡ್, ಎರಡನೆಯದರಲ್ಲೂ 90ನೇ ನಿಮಿಷದ ಹೊತ್ತಿಗೆ 0-1ರಿಂದ ಹಿಂದಿತ್ತು. ಬದಲಿ ಆಟಗಾರನಾಗಿ ಇಳಿದಿದ್ದ ರೊಡ್ರಿಗೊ ಒಂದೆರಡು ನಿಮಿಷದೊಳಗೆ ಎರಡು ಗೋಲು ಹೊಡೆದು ಪಂದ್ಯವನ್ನು ಹೆಚ್ಚುವರಿ ಅವಧಿಗೆ ಒಯ್ದರು, ಅಲ್ಲಿ ಬೆನ್ಜೆಮಾ ಪೆನಾಲ್ಟಿಯಿಂದ ಗೆಲುವು ಬಂತು. ಆ ಹೆಚ್ಚುವರಿ ಅವಧಿಯಲ್ಲಿ ಆಂಚೆಲೊಟ್ಟಿ ಅವರು ಆಗಲೇ ಮೈದಾನದಿಂದ ಹೊರಬಂದಿದ್ದ ಕ್ರೂಸ್ ಅವರೊಡನೆ, ಆ ದಿನ ಆಡಿಯೇ ಇರದಿದ್ದ ಮಾರ್ಸೆಲೊ ಅವರೊಡನೆ ನಿಂತು, ಮುಂದಿನ ಬದಲಾವಣೆ ಯಾವುದಿರಬೇಕೆಂದು ಚರ್ಚಿಸುತ್ತಿದ್ದ ದೃಶ್ಯವನ್ನು ಜಗತ್ತೆಲ್ಲ ನೋಡಿತು. ಪಂದ್ಯದ ನಡುವೆ ತಾನು ಹೊರಗೆ ಕರೆದ ಆಟಗಾರನ ಬಳಿಯೇ ಸಲಹೆ ಕೇಳಲು ಎಷ್ಟು ಆತ್ಮವಿಶ್ವಾಸ ಬೇಕು ಎಂಬುದನ್ನು ಯೋಚಿಸಿ. ಅಧಿಕಾರ ಕೈತಪ್ಪುತ್ತದೆ ಎಂಬ ಅಂಜಿಕೆ ಇರುವವರಿಂದ ಅದು ಸಾಧ್ಯವಾಗದು.

ಇದೇ ಗುಣಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿನಲ್ಲಿ 2017ರಲ್ಲಿ ಲೀಗ್ ಗೆದ್ದರೂ, ಅಭ್ಯಾಸದ ತೀವ್ರತೆ ಸಾಲದು ಎಂಬ ಅಸಮಾಧಾನದ ವರದಿಗಳು ಬಂದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ 0-3ರಿಂದ ಸೋತ ಮರುದಿನವೇ ಅವರನ್ನು ತೆಗೆದುಹಾಕಲಾಯಿತು. ಮಿಲಾನ್‌ನ ಎಂಟು ಋತುಗಳಲ್ಲಿ ಲೀಗ್ ಗೆದ್ದದ್ದು ಒಮ್ಮೆ ಮಾತ್ರ. ಸೌಮ್ಯತೆ ಎಲ್ಲ ಡ್ರೆಸ್ಸಿಂಗ್ ರೂಮುಗಳಲ್ಲೂ ಒಂದೇ ಫಲ ಕೊಡುವುದಿಲ್ಲ. ಕ್ರೂಸ್, ಮಾಡ್ರಿಚ್ ಅವರಂತೆ ತಮ್ಮನ್ನು ತಾವೇ ಶಿಸ್ತಿನಲ್ಲಿಟ್ಟುಕೊಂಡ ಹಿರಿಯರು ಇರುವಲ್ಲಿ ಅದು ಹೆಚ್ಚು ಫಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 3 | ಮೂಲೆಯ ಧ್ವಜ

ಆಂಚೆಲೊಟ್ಟಿ ಅವರ ಪಕ್ಕದಲ್ಲಿ ಇನ್ನಿಬ್ಬರನ್ನು ಇಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗಬಹುದು.

ಒಬ್ಬರು ಇಂಗ್ಲೆಂಡಿನ ಬ್ರಯಾನ್ ಕ್ಲಫ್. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದಿದ್ದ ಈ ಫಾರ್ವರ್ಡ್, 1962ರ ಡಿಸೆಂಬರ್ 26ರಂದು ಸಂಡರ್‌ಲ್ಯಾಂಡ್ ಪರ ಆಡುವಾಗ ಮೊಣಕಾಲಿಗೆ ತೀವ್ರವಾಗಿ ಗಾಯ ಮಾಡಿಕೊಂಡರು. ಆಟ ಮುಗಿದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 1965ರಲ್ಲಿ, ನಾಲ್ಕನೇ ವಿಭಾಗದ ಹಾರ್ಟ್ಲ್‌ಪೂಲ್ಸ್ ತಂಡದಲ್ಲಿ ಪೀಟರ್ ಟೇಲರ್ ಅವರನ್ನು ಜೊತೆಗಿಟ್ಟುಕೊಂಡು ಕೆಲಸ ಶುರು ಮಾಡಿದರು. ಡರ್ಬಿಗೆ 1972ರಲ್ಲಿ ಲೀಗ್, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟರು. ಗಾಯ ಆಂಚೆಲೊಟ್ಟಿ ಅವರನ್ನು ತಾಳ್ಮೆಯವರನ್ನಾಗಿ ಮಾಡಿತು ಎಂದು ಮೇಲೆ ಧ್ವನಿಸಿದೆ. ಕ್ಲಫ್ ಅವರನ್ನು ಅದೇ ಬಗೆಯ ಗಾಯ ಹಸಿವಿನವರನ್ನಾಗಿ, ಕಟುವಾಗಿ ಮಾತನಾಡುವವರನ್ನಾಗಿ ಮಾಡಿತು. ಆದ್ದರಿಂದ ಸ್ವಭಾವಕ್ಕೆ ಹೆಚ್ಚು ಮಹತ್ವ ಕೊಡುವ ಮುನ್ನ ಯೋಚಿಸಬೇಕು. ಇಬ್ಬರಲ್ಲೂ ಸಮಾನವಾದದ್ದು ಕೆಳಗಿನಿಂದ ಆರಂಭಿಸಿದ ದಾರಿ.

ಇನ್ನೊಬ್ಬರು ಸ್ವತಃ ಪಿರ್ಲೊ. 2020ರಲ್ಲಿ ಯುವೆಂಟಸ್ ಅವರನ್ನು ಮೊದಲು 23 ವರ್ಷದೊಳಗಿನವರ ತಂಡಕ್ಕೆ ನೇಮಿಸಿ, ಕೆಲವೇ ದಿನಗಳಲ್ಲಿ ಮುಖ್ಯ ತಂಡವನ್ನೇ ಕೈಗಿತ್ತಿತು. ಇಟಾಲಿಯನ್ ಕಪ್ ಬಂತು, ಆದರೆ ಸತತ ಒಂಬತ್ತು ವರ್ಷ ಲೀಗ್ ಗೆದ್ದಿದ್ದ ತಂಡ ನಾಲ್ಕನೇ ಸ್ಥಾನಕ್ಕಿಳಿಯಿತು, ಒಂದೇ ಋತುವಿನಲ್ಲಿ ಅವರ ಕೆಲಸವೂ ಹೋಯಿತು. ಆಟದ ಬಗ್ಗೆ ಪಿರ್ಲೊ ಅವರಿಗಿದ್ದ ತಿಳಿವಳಿಕೆಯನ್ನು ಯಾರೂ ಅನುಮಾನಿಸಲಾರರು. ಆಂಚೆಲೊಟ್ಟಿ ಅವರಿಗೆ ಬಾಜಿಯೊ ಪ್ರಸಂಗದಂಥ ತಪ್ಪು ಮಾಡಿ, ಅದರಿಂದ ಪಾರಾಗಿ ಮುಂದುವರಿಯಲು ಪಾರ್ಮಾ ಸಿಕ್ಕಿತ್ತು. ಪಿರ್ಲೊ ಅವರಿಗೆ ಅಂಥ ಅವಕಾಶವೇ ಸಿಗಲಿಲ್ಲ. ಜಿದಾನ್ ಅವರು ಮಾತ್ರ ಈ ವಿಷಯದಲ್ಲಿ ಜಾಣರಾಗಿದ್ದರು: 2013-14ರಲ್ಲಿ ಆಂಚೆಲೊಟ್ಟಿ ಅವರ ಸಹಾಯಕರಾಗಿ, ಅನಂತರ ಮ್ಯಾಡ್ರಿಡ್‌ನ ಎರಡನೇ ತಂಡ ಕಾಸ್ಟಿಯಾದಲ್ಲಿ ದುಡಿದು, 2016ರ ಜನವರಿಯಲ್ಲಿ ಮುಖ್ಯ ತಂಡಕ್ಕೆ ಬಂದರು. ಮುಂದಿನ ಮೂರು ಚಾಂಪಿಯನ್ಸ್ ಲೀಗ್‌ಗಳೂ ಅವರ ಪಾಲಾದವು.

ಮರುಪ್ರಶ್ನೆ | ನಡುಗೆರೆ

ಮೂವರಿಗೂ ಧನ್ಯವಾದಗಳು. ಬಾಜಿಯೊ ಅವರಿಂದ ಪಿರ್ಲೊ ಅವರವರೆಗೆ ಎಳೆದ ರೇಖೆ ನನಗೆ ಹೊಸದು. ಒಂದು ವಿಷಯ ಇನ್ನೂ ಉಳಿದಿದೆ. ಆಟಗಾರನಾಗಿ ಸೋತವನು ಮುಂದಿನ ಪಂದ್ಯದಲ್ಲಿ ತಾನೇ ಓಡಿ, ಆಡಿ ಆ ಸೋಲನ್ನು ಕಳೆದುಕೊಳ್ಳಬಹುದು. ತರಬೇತುದಾರನಿಗೆ ಆ ದಾರಿ ಇಲ್ಲ. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ 3-0ರಿಂದ ಮುಂದಿದ್ದು, ಲಿವರ್‌ಪೂಲ್ ಎದುರು ಪೆನಾಲ್ಟಿಗಳಲ್ಲಿ ಸೋತ ಮೇಲೂ ಅವರು ಅದೇ ತಂಡದ ಜೊತೆ ಮುಂದುವರಿದದ್ದು ಹೇಗೆ? ತಂಡವನ್ನು ಬದಲಿಸಿದರೇ, ತಾವು ಬದಲಾದರೇ?

ಉತ್ತರ 4 | ಹಳೆಯ ಸ್ಯಾನ್ ಸಿರೊ

ಎರಡನೇ ಉತ್ತರದಲ್ಲಿ ಪಿರ್ಲೊ ಅವರ ಬಗ್ಗೆ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಟ್ಯೂರಿನ್‌ನಲ್ಲಿ ಆದ ಬದಲಾವಣೆ ಇಲ್ಲದಿದ್ದರೆ ಮಿಲಾನ್‌ನಲ್ಲಿ ಆ ಕಿವಿ ತೆರೆದಿರುತ್ತಿರಲಿಲ್ಲ ಎಂಬುದಷ್ಟೇ ನನ್ನ ಸೇರ್ಪಡೆ.

ಇಸ್ತಾಂಬುಲ್ ವಿಷಯಕ್ಕೆ ಬರುತ್ತೇನೆ. ಆ ಸೋಲು ಒಂಟಿಯಾಗಿ ಬಂದದ್ದಲ್ಲ. ಅದರ ಹಿಂದಿನ ವರ್ಷವೇ ಕ್ವಾರ್ಟರ್ ಫೈನಲ್‌ನಲ್ಲಿ ಡೆಪೊರ್ಟಿವೊ ಎದುರು ತಮ್ಮ ಮೈದಾನದಲ್ಲಿ 4-1ರಿಂದ ಗೆದ್ದು, ಲಾ ಕೊರುನ್ಯಾದಲ್ಲಿ 0-4ರಿಂದ ಸೋತು ಹೊರಬಿದ್ದಿದ್ದರು. ಎರಡು ವರ್ಷ ಸಾಲಾಗಿ ಮೂರು ಗೋಲುಗಳ ಮುನ್ನಡೆಯನ್ನು ಕಳೆದುಕೊಂಡ ತರಬೇತುದಾರನನ್ನು ಹೆಚ್ಚಿನ ಕ್ಲಬ್ಬುಗಳು ಉಳಿಸಿಕೊಳ್ಳುವುದಿಲ್ಲ, ಮತ್ತು ಹೆಚ್ಚಿನ ತರಬೇತುದಾರರು ತಂಡವನ್ನು ಒಡೆದು ಹೊಸದಾಗಿ ಕಟ್ಟಲು ಹೊರಡುತ್ತಾರೆ. ಮಿಲಾನ್ ಅವರನ್ನು ಉಳಿಸಿಕೊಂಡಿತು. ಅವರೂ ತಮ್ಮ ಆಟಗಾರರ ಬೆನ್ನೆಲುಬನ್ನು ಉಳಿಸಿಕೊಂಡರು: ದೀದಾ, ಮಾಲ್ದೀನಿ, ನೆಸ್ಟಾ, ಪಿರ್ಲೊ, ಗಟ್ಟೂಸೊ, ಸೀಡಾರ್ಫ್, ಕಾಕಾ. ಶೆವ್ಚೆಂಕೊ 2006ರಲ್ಲಿ ಚೆಲ್ಸಿಗೆ ಹೋದರು. ಆಗ ಅವರ ಜಾಗಕ್ಕೆ ಅಂಥದೇ ಇನ್ನೊಬ್ಬರನ್ನು ಹುಡುಕಿ ಹಳೆಯ ಚೌಕಟ್ಟನ್ನೇ ಮುಂದುವರಿಸುವ ಬದಲು, ಆಂಚೆಲೊಟ್ಟಿ ಅವರು ಮುಂದೆ ಒಬ್ಬರೇ ಫಾರ್ವರ್ಡ್, ಅವರ ಹಿಂದೆ ಕಾಕಾ ಮತ್ತು ಸೀಡಾರ್ಫ್, ಅವರ ಹಿಂದೆ ಮೂವರು ಮಿಡ್‌ಫೀಲ್ಡರ್‌ಗಳು ಇರುವ 4-3-2-1 ಕಡೆಗೆ ವಾಲಿದರು. ಕಾಕಾ ಅವರಿಗೆ ಓಡಲು ಮುಂದೆ ಬಯಲು ಸಿಕ್ಕಿತು. ಆ ಋತುವಿನ ಚಾಂಪಿಯನ್ಸ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. 2007ರ ಮೇ ತಿಂಗಳಲ್ಲಿ ಅಥೆನ್ಸ್‌ನಲ್ಲಿ, ಅದೇ ಲಿವರ್‌ಪೂಲ್ ಎದುರು, ಇಂಜಾಗಿ ಅವರ ಎರಡು ಗೋಲುಗಳಿಂದ ಮಿಲಾನ್ 2-1ರಿಂದ ಗೆದ್ದಿತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ತಂಡದ ಜನರನ್ನು ಅವರು ಬದಲಿಸಲಿಲ್ಲ, ಅವರನ್ನು ನಿಲ್ಲಿಸಿದ ಜಾಗಗಳನ್ನು ಬದಲಿಸಿದರು. ಮುಂದೆ ಹೋದಲ್ಲೆಲ್ಲ ಇದನ್ನೇ ಕಾಣುತ್ತೇವೆ. 2009-10ರಲ್ಲಿ ಚೆಲ್ಸಿಗೆ ಬಂದವರು ನಾಲ್ವರು ಮಿಡ್‌ಫೀಲ್ಡರ್‌ಗಳು ವಜ್ರದ ಆಕಾರದಲ್ಲಿ ನಿಲ್ಲುವ ತಮ್ಮ ಪ್ರೀತಿಯ ಡೈಮಂಡ್ ವ್ಯವಸ್ಥೆಯಿಂದ ಆರಂಭಿಸಿದರೂ, ಡ್ರೋಗ್ಬಾ, ಅನೆಲ್ಕಾ, ಮಲೂಡಾ ಇರುವ ತಂಡಕ್ಕೆ ಅಗಲವಾದ ಆಟವೇ ಒಗ್ಗುತ್ತದೆಂದು ಕಂಡಾಗ ಅದನ್ನು ಬಿಟ್ಟರು; ಚೆಲ್ಸಿ ಲೀಗ್‌ನಲ್ಲಿ 103 ಗೋಲು ಹೊಡೆದು ಚಾಂಪಿಯನ್ ಆಯಿತು, ಎಫ್‌ಎ ಕಪ್ ಕೂಡ ಗೆದ್ದಿತು. 2013-14ರಲ್ಲಿ ಮ್ಯಾಡ್ರಿಡ್‌ನಲ್ಲಿ ಪಕ್ಕದ ಆಟಗಾರ ದಿ ಮರಿಯಾ ಅವರನ್ನು ಮಿಡ್‌ಫೀಲ್ಡ್‌ಗೆ ತಂದರು. ಲಿಸ್ಬನ್‌ನಲ್ಲಿ ಹತ್ತನೇ ಯುರೋಪಿಯನ್ ಕಪ್ ಗೆದ್ದ ತಂಡ ಅದೇ. 2023ರಲ್ಲಿ ಬೆನ್ಜೆಮಾ ಹೊರಟುಹೋಗಿ, ಅವರ ಮಟ್ಟದ ಫಾರ್ವರ್ಡ್ ಬಾರದೇ ಇದ್ದಾಗ, ಮಿಡ್‌ಫೀಲ್ಡರ್ ಆಗಿ ಬಂದಿದ್ದ ಬೆಲ್ಲಿಂಗ್‌ಹ್ಯಾಮ್ ಅವರನ್ನು ವಿನಿಸಿಯಸ್ ಮತ್ತು ರೊಡ್ರಿಗೊ ಅವರ ಹಿಂದೆ ನಿಲ್ಲಿಸಿ, ಅವರಿಂದಲೇ ಗೋಲುಗಳನ್ನು ಪಡೆದರು. ಇಬ್ಬರು ಫಾರ್ವರ್ಡ್‌ಗಳ ಹಿಂದೆ ಸ್ವತಂತ್ರವಾಗಿ ಆಡುವ ಆ ಸ್ಥಾನ, 1997ರಲ್ಲಿ ಪಾರ್ಮಾದಲ್ಲಿ ಬಾಜಿಯೊ ಕೇಳಿದ್ದ ಸ್ಥಾನವೇ.

ಎರಡನೇ ಉತ್ತರ ಬರೆದವರು ಬಯರ್ನ್ ವಿಷಯ ಎತ್ತಿದ್ದು ಸರಿ. ಅದಕ್ಕೆ ನೇಪಲ್ಸ್‌ನ ನಾಪೋಲಿ ಕ್ಲಬ್ಬನ್ನೂ ಸೇರಿಸಬಹುದು. 2019ರ ನವೆಂಬರ್‌ನಲ್ಲಿ ಕ್ಲಬ್ಬಿನ ಅಧ್ಯಕ್ಷರು ತಂಡವನ್ನು ಶಿಬಿರದಲ್ಲಿ ಕೂಡಿಹಾಕಲು ಆದೇಶಿಸಿದಾಗ ಆಟಗಾರರು ಒಪ್ಪದೆ ಮನೆಗೆ ಹೋದರು. ಆಂಚೆಲೊಟ್ಟಿ ಅವರು ಆ ಆದೇಶ ತಮಗೂ ಸರಿಕಂಡಿಲ್ಲವೆಂದು ಮೊದಲೇ ಹೇಳಿದ್ದರು. ಡಿಸೆಂಬರ್‌ನಲ್ಲಿ ಹೆಂಕ್ ತಂಡವನ್ನು 4-0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್‌ನ ಮುಂದಿನ ಸುತ್ತು ತಲುಪಿದ ರಾತ್ರಿಯೇ ಅವರನ್ನು ತೆಗೆದುಹಾಕಲಾಯಿತು. ಅಲ್ಲಿಂದ ಎವರ್ಟನ್, ಅಲ್ಲಿ 2020-21ರಲ್ಲಿ ಹತ್ತನೇ ಸ್ಥಾನ. ಅವರ ಕಾಲ ಮುಗಿಯಿತು ಎಂದು ಬರೆದವರು ಆಗ ಬಹಳ ಮಂದಿ ಇದ್ದರು. ಮರುವರ್ಷವೇ ಅವರು ಮ್ಯಾಡ್ರಿಡ್‌ಗೆ ಮರಳಿ ಲೀಗ್ ಮತ್ತು ಚಾಂಪಿಯನ್ಸ್ ಲೀಗ್ ಎರಡನ್ನೂ ಗೆದ್ದರು, 2024ರಲ್ಲಿ ಮತ್ತೆ ಎರಡನ್ನೂ ಗೆದ್ದರು. 2025ರಲ್ಲಿ ಬ್ರೆಜಿಲ್ ತಂಡದ ಹೊಣೆ ಹೊತ್ತರು. ಕ್ಲಬ್ಬಿನಲ್ಲಿ ದಿನವೂ ಎದುರಿಗಿರುವ ಆಟಗಾರರನ್ನು ನೋಡುತ್ತ ನೋಡುತ್ತ ಸ್ಥಾನ ಬದಲಿಸಿ ಪರೀಕ್ಷಿಸುವುದು ಅವರ ರೀತಿ. ರಾಷ್ಟ್ರೀಯ ತಂಡದಲ್ಲಿ ಆಟಗಾರರು ಕೆಲವೇ ದಿನ ಕೈಗೆ ಸಿಗುತ್ತಾರೆ. ಸಾಕಿ ಅವರ ಸಹಾಯಕರಾಗಿ ಮೂರು ವರ್ಷ ಈ ಕಷ್ಟವನ್ನು ಹತ್ತಿರದಿಂದ ಕಂಡವರು ಅವರು. ಅಲ್ಲಿ ಅವರು ಏನು ಮಾಡುತ್ತಾರೆ ಎಂಬುದನ್ನು ನಾನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದೇನೆ.